ಕಿತ್ತು ಮತ್ತೆ ಅಂಟಿಸಬಹುದಾದ, ಕರೆಂಟ್ ಹರಿಸುವ ಅಂಟು: ಹಿಗ್ಗುವ ಸರ್ಕ್ಯೂಟಿಗೆ ಬಿಡಿಭಾಗ ಜೋಡಿಸುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟಿನ ಸೊಂಟದ ಪಟ್ಟಿಗೆ ಒಂದು ಪುಟ್ಟ ಸೆನ್ಸರ್ ಕೂರಿಸಬೇಕು ಅಂತಿಟ್ಟುಕೊಳ್ಳಿ. ಬಿಸಿಲಲ್ಲಿ ದುಡಿಯುವವರ ಚರ್ಮ ಎಷ್ಟು ಬಿಸಿಯಾಗಿದೆ ಅಂತ ನೋಡುವ ಸೆನ್ಸರ್. ಪ್ಯಾಂಟು ಮೈಗೆ ತಕ್ಕಂತೆ ಹಿಗ್ಗುತ್ತದೆ, ಬಾಗಿದರೆ ಮಡಚಿಕೊಳ್ಳುತ್ತದೆ, ಬೆವರಿನಲ್ಲಿ ನೆನೆಯುತ್ತದೆ, ಆಮೇಲೆ ಒಗೆಯಲು ಹೋಗುತ್ತದೆ. ಇದನ್ನೆಲ್ಲ ತಡೆದುಕೊಳ್ಳುವ ತಂತಿ ಈಗ ಸಿಗುತ್ತದೆ. ಹಿಗ್ಗುವ ಬೆಳ್ಳಿ ಇಂಕು ಇದೆ, ಬೆಳ್ಳಿ ಲೇಪಿಸಿದ ನೂಲು ಇದೆ. ಸೆನ್ಸರ್ ಚಿಪ್ಪಂತೂ ಗಟ್ಟಿ. ಕೈಕೊಡುವುದು ಇವೆರಡರ ನಡುವಿನ ಜೋಡಣೆ.

ಬೆಸುಗೆ ಇಲ್ಲಿ ನಡೆಯುವುದಿಲ್ಲ. ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲಿ ಕರಗುತ್ತದೆ, ಸೀಸವಿಲ್ಲದ್ದು ಸುಮಾರು 217ರಲ್ಲಿ. ಅಷ್ಟು ಬಿಸಿ ತಾಗಿದರೆ ಕೆಳಗಿನ ಮೆತ್ತನೆ ಪ್ಲಾಸ್ಟಿಕ್ಕೇ ಕರಗಿ ಹೋಗುತ್ತದೆ. ಹೇಗೋ ಬೆಸೆದರೂ ಬಟ್ಟೆ ಎಳೆದಾಗ ಬೆಸುಗೆ ಹಿಗ್ಗುವುದಿಲ್ಲ. ಎಳೆತವೆಲ್ಲ ಅದರ ಅಂಚಿಗೆ ಬಂದು ಕೂರುತ್ತದೆ, ಅಲ್ಲೇ ಸೀಳು ಬಿಡುತ್ತದೆ. ಬೆಳ್ಳಿ ತುಂಬಿದ ಎಪಾಕ್ಸಿ ಹಾಕಿದರೂ ಇದೇ ಕಥೆ. ಕರೆಂಟ್ ಚೆನ್ನಾಗಿ ಹರಿಸುತ್ತದೆ, ಆದರೆ ಗಟ್ಟಿಯಾಗುತ್ತದೆ ಮತ್ತು ಒಮ್ಮೆ ಹಾಕಿದರೆ ಮುಗಿಯಿತು.

ಜೀನ್ಸ್ ಹೊಲಿಯುವ ಪರಿಚಯದ ಅಣ್ಣ ಒಬ್ಬರಿಗೆ ಇಂಥ ಪಟ್ಟಿಯೊಂದನ್ನು ತೋರಿಸಿದಾಗ ಅವರು ಮೊದಲು ಕೇಳಿದ್ದು, "ಇದನ್ನ ತೊಳೀಬೇಕಾದ್ರ ಏನ್ ಮಾಡ್ತೀರಿ ಸರ?" ಸರಿಯಾದ ಪ್ರಶ್ನೆ. ತೊಳೆಯುವಾಗ ಸೆನ್ಸರ್ ಕೈಗೆ ಬರಬೇಕು, ಒಣಗಿದ ಮೇಲೆ ಅದೇ ಜಾಗಕ್ಕೆ ಹೋಗಿ ಕೂರಬೇಕು. ಕೆಟ್ಟರೆ ಅದೊಂದನ್ನೇ ಬದಲಿಸಬೇಕು. ಅದಕ್ಕಾಗಿಯೇ ಕಿತ್ತು ಮತ್ತೆ ಅಂಟಿಸುವ ಅಂಟು. ಮೊದಲ ಸಲ ಗಟ್ಟಿಯಾಗಿ ಅಂಟಿತು ಅನ್ನುವುದರಿಂದ ಇದರ ಯೋಗ್ಯತೆ ಗೊತ್ತಾಗುವುದಿಲ್ಲ. ಇಪ್ಪತ್ತನೇ ಸಲ ಅಂಟಿಸಿದಾಗ ಕರೆಂಟಿಗೆ ಎಷ್ಟು ಅಡ್ಡಿ (ರೋಧ) ಇದೆ ಅಂತ ಮಲ್ಟಿಮೀಟರ್ ತೋರಿಸುತ್ತದೆ, ಅದು ಮುಖ್ಯ. ಕೆಳಗಿನ ವಿಧಾನವನ್ನು ಪೂರಾ ಆ ಒಂದು ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಅಂಟು ಕರೆಂಟ್ ಹರಿಸುವುದು ಹೇಗೆ

ಸಿಲಿಕೋನ್, ಅಕ್ರಿಲಿಕ್ ಮುಂತಾದ ಅಂಟುಗಳು ಕರೆಂಟ್ ಹರಿಸುವುದಿಲ್ಲ. ಅವುಗಳೊಳಗೆ ಇಂಗಾಲ ಅಥವಾ ಬೆಳ್ಳಿಯ ಪುಡಿ ಬೆರೆಸುತ್ತೇವೆ. ಪುಡಿ ಕಡಿಮೆ ಇದ್ದಾಗ ಕಣಗಳು ದೂರ ದೂರ ಇರುತ್ತವೆ, ಏನೂ ಹರಿಯುವುದಿಲ್ಲ. ಒಂದು ಮಟ್ಟ ದಾಟಿದ ಕೂಡಲೇ ಕಣಕ್ಕೆ ಕಣ ತಾಗಿ ದಾರಿ ಸಿಗುತ್ತದೆ, ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟಿದ ಹಾಗೆ. ಆ ಮಟ್ಟದ ಆಸುಪಾಸಿನಲ್ಲಿ ಪುಡಿ ಸ್ವಲ್ಪ ಹೆಚ್ಚಾದರೂ ರೋಧ ಸಾವಿರಾರು ಪಟ್ಟು ಇಳಿಯಬಹುದು. ಅದನ್ನು ದಾಟಿ ಇನ್ನೂ ಸುರಿಯುತ್ತಾ ಹೋದರೆ ಲಾಭ ಕಡಿಮೆ, ನಷ್ಟ ಜಾಸ್ತಿ: ಅಂಟು ಗಡುಸಾಗುತ್ತದೆ, ಅಂಟುವ ಗುಣ ಹೋಗುತ್ತದೆ.

ಈ ಕೆಲಸದ ನಿಜವಾದ ಜಗ್ಗಾಟ ಇದೇ. ಚೆನ್ನಾಗಿ ಹರಿಸುವ ಅಂಟು ಚೆನ್ನಾಗಿ ಅಂಟುವುದಿಲ್ಲ. ನಾನು ಇಷ್ಟಪಡುವ ಪರಿಹಾರ ಎಂದರೆ ಎರಡು ಕೆಲಸವನ್ನು ಎರಡು ಬೇರೆ ಜಾಗಕ್ಕೆ ಹಂಚುವುದು. ನಡುವೆ ಕಪ್ಪು ಬೊಟ್ಟುಗಳು, ಕರೆಂಟ್ ಹರಿಸಲು. ಸುತ್ತ ಬಣ್ಣವಿಲ್ಲದ, ಅಂಟಂಟಾದ ಚೌಕಟ್ಟು, ಹಿಡಿದುಕೊಳ್ಳಲು.

ಬೊಟ್ಟಿನ ಆಕಾರವೂ ನಮ್ಮ ಪರವಾಗಿದೆ. ಲೆಕ್ಕ ಹಾಕಿ ನೋಡೋಣ. ಕಾರ್ಬನ್ ಬೆರೆಸಿದ ಸಿಲಿಕೋನಿನ ರೋಧಕತೆ 0.1 ಓಮ್-ಮೀಟರ್ ಅಂತ ಹಿಡಿಯಿರಿ. ತಾಮ್ರಕ್ಕೆ ಹೋಲಿಸಿದರೆ ಇದು ತೀರಾ ಕಳಪೆ. ಇದರಿಂದ 10 ಸೆಂ.ಮೀ. ಉದ್ದ, 1 ಮಿ.ಮೀ. ಅಗಲ, ಅರ್ಧ ಮಿ.ಮೀ. ದಪ್ಪದ ತಂತಿ ಮಾಡಿದರೆ 20,000 ಓಮ್ ಬರುತ್ತದೆ, ಪ್ರಯೋಜನವಿಲ್ಲ. ಅದೇ ವಸ್ತುವಿನಿಂದ 6 ಮಿ.ಮೀ. ಅಗಲದ ದುಂಡು ಬೊಟ್ಟು ಮಾಡಿ, ಕರೆಂಟನ್ನು ಅದರ ಅರ್ಧ ಮಿ.ಮೀ. ದಪ್ಪದ ಮೂಲಕ ಕೆಳಗಿಂದ ಮೇಲಕ್ಕೆ ಹರಿಸಿದರೆ 2 ಓಮಿಗೂ ಕಡಿಮೆ! ರೋಧಕತೆ ಹತ್ತು ಪಟ್ಟು ಕೆಟ್ಟದಿದ್ದರೂ 18 ಓಮ್ ಅಷ್ಟೇ. ಹಾಗಾಗಿ ಬೆಳ್ಳಿ ಪುಡಿಗೆ ದುಡ್ಡು ಸುರಿಯುವ ಮೊದಲು ಕಾರ್ಬನ್ ಸಾಕಾಗುತ್ತದಾ ಅಂತ ನೋಡಿ. ಬಹಳ ಸಲ ಸಾಕಾಗುತ್ತದೆ.

ಯಾವಾಗ ಸಾಕಾಗುವುದಿಲ್ಲ? ಎರಡು ಬೊಟ್ಟು ಸೇರಿ 40 ಓಮ್ ಅಂದುಕೊಳ್ಳಿ. 5 ಮಿಲಿಆಂಪಿನ ಎಲ್‌ಇಡಿಗೆ 0.2 ವೋಲ್ಟ್ ನಷ್ಟ, ಗೊತ್ತೇ ಆಗುವುದಿಲ್ಲ. ಅರ್ಧ ಆಂಪಿನ ಹೀಟರಿಗೆ ಅದೇ 40 ಓಮಿನಲ್ಲಿ 20 ವೋಲ್ಟ್ ಬೀಳಬೇಕಾಗುತ್ತದೆ, ಆಗದ ಮಾತು. ಮೋಟಾರು, ಹೀಟರು, ಬ್ಯಾಟರಿ ಚಾರ್ಜಿಂಗ್ ಯಾವುದಕ್ಕೂ ಈ ಅಂಟು ಬೇಡ. 5 ವೋಲ್ಟ್ ಒಳಗಿನ ಸೆನ್ಸರ್, ಎಲ್‌ಇಡಿ ಕೆಲಸಕ್ಕೆ ಮಾತ್ರ.

ಯಾವ ದಾರಿ ಹಿಡಿಯಬೇಕು

ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಝಡ್-ದಿಕ್ಕಿನ ಕಂಡಕ್ಟಿವ್ ಟೇಪ್ ತರಿಸಿಕೊಳ್ಳಿ. ಅಕ್ರಿಲಿಕ್ ಅಂಟಿನೊಳಗೆ ಲೋಹದ ಕಣಗಳಿರುತ್ತವೆ. ಕರೆಂಟ್ ಟೇಪಿನ ದಪ್ಪದ ಮೂಲಕ ಮಾತ್ರ ಹರಿಯುತ್ತದೆ, ಪಕ್ಕಕ್ಕೆ ಹರಿಯುವುದಿಲ್ಲ. ಒಂದೇ ತುಂಡನ್ನು ಅಕ್ಕಪಕ್ಕದ ಹಲವು ಪ್ಯಾಡುಗಳ (ಸಂಪರ್ಕಕ್ಕಾಗಿ ಬಿಟ್ಟ ಲೋಹದ ಜಾಗಗಳ) ಮೇಲೆ ಹಾಕಿದರೂ ಶಾರ್ಟ್ ಆಗುವುದಿಲ್ಲ. ಒಂದು ಸರ್ಕ್ಯೂಟ್ ನಡೆಯುತ್ತದಾ ಅಂತ ಬೇಗ ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಾಲ್ಕಾರು ಸಲ ಕಿತ್ತರೆ ಅಂಟು ಸಾಯುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಜಾರುತ್ತದೆ, ಕಿತ್ತಾಗ ಜಿಗುಟು ಉಳಿಸಿ ಹೋಗುತ್ತದೆ.

ಸಂಶೋಧನೆಯಲ್ಲಿ ಇದಕ್ಕಿಂತ ಬಹಳ ಮುಂದಿನದು ನಡೆದಿದೆ. ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳಿದ್ದ ತಂಡ 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಜೋಡಣೆಯನ್ನು ವಿವರಿಸಿತು. ಎಸ್‌ಇಬಿಎಸ್ ಅನ್ನುವ ಮೆತ್ತನೆ ರಬ್ಬರಿನ ಮೇಲ್ಪದರದಲ್ಲಿ ಚಿನ್ನ ಅಥವಾ ಬೆಳ್ಳಿಯ ನ್ಯಾನೋ ಕಣಗಳನ್ನು ಹೂತಿರುತ್ತಾರೆ. ಅಂಥ ಎರಡು ಮುಖಗಳನ್ನು 10 ಸೆಕೆಂಡಿನೊಳಗೆ ಒತ್ತಿದರೆ ಸಾಕು, ಪೇಸ್ಟೂ ಬೇಡ ಬೆಸುಗೆಯೂ ಬೇಡ. ಜೋಡಣೆ 180 ಪ್ರತಿಶತ ಹಿಗ್ಗಿದರೂ ಕರೆಂಟ್ ಹರಿಯುತ್ತದೆ. ಓದಿದರೆ ಮೈ ಜುಂ ಅನ್ನುತ್ತದೆ. ಆದರೆ ಆ ಲೋಹವನ್ನು ನಿರ್ವಾತದಲ್ಲಿ ಆವಿ ಮಾಡಿ ಕೂರಿಸಬೇಕು, ಆ ಯಂತ್ರ ನಮ್ಮಲ್ಲಿ ಎಲ್ಲ ಕಡೆ ಇರುವುದಿಲ್ಲ. ಪೆಡಾಟ್-ಪಿಎಸ್‌ಎಸ್ ಅನ್ನುವ, ಕರೆಂಟ್ ಹರಿಸುವ ಪಾಲಿಮರಿಗೆ ಸಾರ್ಬಿಟಾಲ್ ಬೆರೆಸಿದರೆ ಅದೇ ಅಂಟಿನ ಹಾಗೆ ಆಗುತ್ತದೆ ಅಂತ 2006ರಲ್ಲೇ ತೋರಿಸಿದ್ದಾರೆ. ಸಾರ್ಬಿಟಾಲ್ ಎಂದರೆ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ಮಿಗೆ ಹಾಕುವ ಸಿಹಿ. ಆದರೆ ಅದು ನೀರಿನಲ್ಲಿ ಕರಗುವ ವಸ್ತು, ಬೆವರಿಗೆ ಹೆದರುತ್ತದೆ. ಗ್ಯಾಲಿಯಂ-ಇಂಡಿಯಂ ದ್ರವ ಲೋಹ ಹರಿಸುವುದರಲ್ಲಿ ಎಲ್ಲವನ್ನೂ ಮೀರಿಸುತ್ತದೆ. ಸುಮಾರು 15.5 ಡಿಗ್ರಿಯಲ್ಲೇ ಕರಗುವುದರಿಂದ ನಮ್ಮೂರಲ್ಲಿ ಚಳಿಗಾಲದ ಹಗಲಲ್ಲೂ ಅದು ದ್ರವವೇ. ಆದರೆ ಅದಕ್ಕೆ ಅಂಟುವ ಗುಣವಿಲ್ಲ, ಅಲ್ಯೂಮಿನಿಯಂ ತಾಗಿದರೆ ಅದನ್ನು ತಿಂದುಹಾಕುತ್ತದೆ.

ಕೊಪ್ಪಳದ ಕಡೆಯ ಹುಡುಗರು ಇನ್ನೊಂದು ಕೇಳುತ್ತಾರೆ: ಕಿನ್ನಾಳದ ಗೊಂಬೆ ಮಾಡುವವರು ಬಳಸುವ ಹುಣಸೆ ಬೀಜದ ಅಂಟಿಗೆ ಗ್ರಾಫೈಟ್ ಪುಡಿ ಹಾಕಿದರೆ? ಕರೆಂಟ್ ಹರಿಯುತ್ತದೆ. ಕಾಗದದ ಮೇಲೆ ಶಾಲಾ ಮಕ್ಕಳ ಪ್ರಯೋಗಕ್ಕೆ ಬಹಳ ಚೆನ್ನ. ಆದರೆ ಒಣಗಿದರೆ ಗಡುಸಾಗುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಹಿಗ್ಗುವ ಬಟ್ಟೆಗೆ ಬರುವುದಿಲ್ಲ.

ಉಳಿದದ್ದು ಸಿಲಿಕೋನ್ ಮತ್ತು ಕಾರ್ಬನ್ ಬ್ಲ್ಯಾಕ್, ಅಂದರೆ ಇಂಗಾಲದ ಕಪ್ಪು ಪುಡಿ. ಕಾಲೇಜಿನ ಲ್ಯಾಬಿನಲ್ಲಿ, ಗಾಳಿ ಬೆಳಕಿರುವ ಒಂದು ಕೋಣೆಯಲ್ಲಿ ಮಾಡಬಹುದು.

ಸಾಮಾನು ತರುವಾಗ

ಎರಡು ಭಾಗದ ಪಿಡಿಎಂಎಸ್ ಸಿಲಿಕೋನ್ ಬೇಕು. ಸಿಲ್‌ಗಾರ್ಡ್ 184 ಅನ್ನುವುದು ಎಲ್ಲರೂ ಬಳಸುವ ಜಾತಿ. ಮೂಲ ದ್ರವ 10 ಭಾಗಕ್ಕೆ ಗಟ್ಟಿಕಾರಕ 1 ಭಾಗ, ತೂಕದಲ್ಲಿ, ಇದು ಅದರ ಸಾಮಾನ್ಯ ಪ್ರಮಾಣ. ಗಟ್ಟಿಕಾರಕ ಕಡಿಮೆ ಮಾಡಿದರೆ ಮೆತ್ತಗೂ ಅಂಟಂಟೂ ಆಗುತ್ತದೆ. ಚೌಕಟ್ಟಿಗೆ ನಮಗೆ ಬೇಕಾದ್ದು ಅದೇ.

ಕಾರ್ಬನ್ ಬ್ಲ್ಯಾಕ್ ವಿಷಯದಲ್ಲಿ ಅಗ್ಗದ್ದಕ್ಕೆ ಹೋಗಬೇಡಿ. ಅಸಿಟಿಲೀನ್ ಬ್ಲ್ಯಾಕ್ ಅಂತ ಕೇಳಿ ತರಿಸಿ, ಲಿಥಿಯಂ ಬ್ಯಾಟರಿ ಸಂಶೋಧನೆ ಮಾಡುವವರು ಬಳಸುವ ಬಗೆ. ಟೈರ್ ಸುಟ್ಟ ಕಪ್ಪಿನಲ್ಲಿ, ಬಣ್ಣಕ್ಕೆ ಹಾಕುವ ಮಾಮೂಲಿ ಕಪ್ಪಿನಲ್ಲಿ ಗಂಧಕ ಉಳಿದಿರುತ್ತದೆ. ಸಿಲ್‌ಗಾರ್ಡ್ ಗಟ್ಟಿಯಾಗುವುದು ಪ್ಲಾಟಿನಂ ವೇಗವರ್ಧಕದಿಂದ, ಗಂಧಕ ಆ ಪ್ಲಾಟಿನಂ ಅನ್ನು ಕಟ್ಟಿಹಾಕುತ್ತದೆ. ಆಗ ಎಷ್ಟು ಕಾಯಿಸಿದರೂ ಪೇಸ್ಟ್ ಹಸಿಹಸಿಯಾಗೇ ಇರುತ್ತದೆ. ಇದೇ ಕಾರಣಕ್ಕೆ ರಬ್ಬರಿನ ಲ್ಯಾಟೆಕ್ಸ್ ಕೈಗವಸೂ ಬೇಡ, ವಿನೈಲ್ ಗವಸು ಹಾಕಿಕೊಳ್ಳಿ. ಒಲೆ ಮಸಿ, ಇದ್ದಿಲ ಪುಡಿ ಬಳಸಿ ಸಮಯ ಹಾಳು ಮಾಡಿಕೊಳ್ಳಬೇಡಿ.

ಇನ್ನು 0.01 ಗ್ರಾಂ ತೂಗುವ ತಕ್ಕಡಿ, ನಯವಾದ ಓಎಚ್‌ಪಿ ಹಾಳೆಗಳು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), ಎರಡು ಗಾಜು ಅಥವಾ ಸಮತಟ್ಟಾದ ಟೈಲ್ಸ್, ಬೈಂಡರ್ ಕ್ಲಿಪ್ಪುಗಳು, ಹಳೆಯ ಎಟಿಎಂ ಕಾರ್ಡು, ಐಸೋಪ್ರೊಪೈಲ್ ಆಲ್ಕೋಹಾಲ್, 80 ಡಿಗ್ರಿ ಹಿಡಿಯುವ ಓವನ್. ಅಡುಗೆಗೆ ಬಳಸುವ ಓವನ್ ಮಾತ್ರ ಬೇಡ. ತೂತು ಹೊಡೆಯಲು ಬೆಲ್ಟಿನ ಪಂಚ್ ಸೆಟ್ಟಿನಲ್ಲಿ 6 ಮಿ.ಮೀ.ದು ಇರುತ್ತದೆ. ಬಳ್ಳಾರಿಯಲ್ಲಿದ್ದರೆ ಜೀನ್ಸ್ ಬಟನ್, ರಿವೆಟ್ ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ.

ಮಾಸ್ಕ್ ಮರೆಯಬೇಡಿ, ಎನ್95ದೇ ಇರಲಿ. ಕಾರ್ಬನ್ ಬ್ಲ್ಯಾಕ್ ಅತಿ ಸಣ್ಣ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಯಲ್ಲಿ, 2ಬಿ ಗುಂಪಿನಲ್ಲಿ ಇಟ್ಟಿದೆ. ಸಿಲಿಕೋನಿನೊಳಗೆ ಸೇರಿದ ಮೇಲೆ ಹಾರುವುದಿಲ್ಲ. ಅಲ್ಲಿವರೆಗೆ ಫ್ಯಾನ್ ಆಫ್, ಮಾಸ್ಕ್ ಆನ್.

ಹಂತ 1: ಚೌಕಟ್ಟಿನ ಹಾಳೆ

ಮೂಲ ದ್ರವ 10 ಗ್ರಾಂ, ಗಟ್ಟಿಕಾರಕ 0.5 ಗ್ರಾಂ ತೂಗಿ. ಅಂದರೆ 20ಕ್ಕೆ 1. ಐದು ನಿಮಿಷ ನಿಧಾನವಾಗಿ ತಿರುಗಿಸಿ, ಪಾತ್ರೆಯ ಅಂಚು ತಳ ಎಲ್ಲ ಸೇರುವ ಹಾಗೆ. ಗುಳ್ಳೆ ಹೋಗಲಿ ಅಂತ ಅರ್ಧ ಗಂಟೆ ಬಿಡಿ.

ಒಂದು ಟೈಲ್ ಮೇಲೆ ಓಎಚ್‌ಪಿ ಹಾಳೆ ಹಾಸಿ. ಹಾಳೆಯ ದಪ್ಪ ಸಾಮಾನ್ಯವಾಗಿ 0.1 ಮಿ.ಮೀ. ಇರುತ್ತದೆ. ಐದು ಪಟ್ಟಿ ಒಂದರ ಮೇಲೊಂದು ಇಟ್ಟು ನಾಲ್ಕೂ ಅಂಚಿಗೆ ಕಟ್ಟೆ ಕಟ್ಟಿದರೆ ಅರ್ಧ ಮಿ.ಮೀ. ಎತ್ತರ ಸಿಗುತ್ತದೆ. ನಡುವೆ ಸಿಲಿಕೋನ್ ಸುರಿದು, ಇನ್ನೊಂದು ಓಎಚ್‌ಪಿ ಹಾಳೆಯನ್ನು ಒಂದು ತುದಿಯಿಂದ ಮೆಲ್ಲಗೆ ಇಳಿಸುತ್ತಾ ಬನ್ನಿ. ಒಮ್ಮೆಲೇ ಮುಚ್ಚಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲೆ ಇನ್ನೊಂದು ಟೈಲ್ ಇಟ್ಟು ಕ್ಲಿಪ್ ಹಾಕಿ, 80 ಡಿಗ್ರಿಯಲ್ಲಿ 2 ಗಂಟೆ ಇಡಿ. ಟೈಲ್ ದಪ್ಪವಿದ್ದರೆ ಬಿಸಿಯಾಗಲು ಹೊತ್ತು ಬೇಕು, ಇನ್ನೊಂದು ಗಂಟೆ ಕೊಡಿ.

ಬೇಕಿಂಗಿಗೆ ಬಳಸುವ ಟೆಫ್ಲಾನ್ ಬಟ್ಟೆ ಮೇಲೆ ಮಾಡಿದರೆ ಇನ್ನೂ ಸುಲಭವಾಗಿ ಬಿಡುತ್ತದೆ ಅಂತ ಕೆಲವರು ಹೇಳುತ್ತಾರೆ. ಬಿಡುವುದೇನೋ ನಿಜ. ಆದರೆ ಆ ಬಟ್ಟೆಯ ನೇಯ್ಗೆ ಗುರುತು ಸಿಲಿಕೋನ್ ಮೇಲೆ ಅಚ್ಚಾಗುತ್ತದೆ. ಇಂಥ ಅಂಟು ಹಿಡಿಯುವುದೇ ಮೇಲ್ಮೈ ಪೂರ್ತಿ ತಾಗಿದಾಗ. ಗೆರೆಗೆರೆ ಬಿದ್ದರೆ ಅರ್ಧ ಜಾಗ ಗಾಳಿಯೇ. ಓಎಚ್‌ಪಿ ಹಾಳೆಯ ನಯವೇ ಒಳ್ಳೆಯದು.

ಹಂತ 2: ತೂತು

ಆರಿದ ಮೇಲೆ ಹಾಳೆಗಳನ್ನು ಬಿಡಿಸಬೇಡಿ. ಕೆಳಗೊಂದು, ನಡುವೆ ಸಿಲಿಕೋನ್, ಮೇಲೊಂದು, ಮೂರನ್ನೂ ಸೇರಿಸಿಯೇ 20 × 30 ಮಿ.ಮೀ. ತುಂಡು ಕತ್ತರಿಸಿ. ಮೂಲೆಗಳನ್ನು ದುಂಡಗೆ ಮಾಡಿ. ಚೂಪಾದ ಮೂಲೆಯಿಂದಲೇ ಎಲ್ಲ ಅಂಟೂ ಏಳಲು ಶುರುವಾಗುವುದು. ಈಗ ಮೂರೂ ಪದರಕ್ಕೆ ಸೇರಿಸಿ ಪಂಚ್ ಹೊಡೆಯಿರಿ, ಎರಡು ತೂತು, ನಡುವಿನಿಂದ ನಡುವಿಗೆ 12 ಮಿ.ಮೀ. ಅಂಚಿನಿಂದ ತೂತಿಗೆ ಕನಿಷ್ಠ 5 ಮಿ.ಮೀ. ಬಿಡಿ.

ಮೂರನ್ನೂ ಒಟ್ಟಿಗೆ ಹೊಡೆಯುವುದಕ್ಕೆ ಕಾರಣವಿದೆ. ಆಚೆ ಈಚೆ ಇರುವ ಓಎಚ್‌ಪಿ ಹಾಳೆಯೇ ಕಪ್ಪು ಪೇಸ್ಟಿಗೆ ಅಚ್ಚಾಗುತ್ತದೆ. ಕೊನೆಗೆ ಹಾಳೆ ತೆಗೆದಾಗ ಬೊಟ್ಟು ಎರಡೂ ಬದಿಗೆ 0.1 ಮಿ.ಮೀ. ಉಬ್ಬಿ ನಿಂತಿರುತ್ತದೆ. ಬೆರಳು ಆಡಿಸಿದರೆ ಮಾತ್ರ ಗೊತ್ತಾಗುವಷ್ಟು ಸಣ್ಣ ಉಬ್ಬು. ಸುತ್ತಲಿನ ಚೌಕಟ್ಟು ಅಂಟಿ ಎಳೆದುಕೊಂಡಾಗ ಈ ಉಬ್ಬು ಪ್ಯಾಡಿನ ಮೇಲೆ ಒತ್ತಿಕೊಂಡು ಕೂರುತ್ತದೆ. ಬೊಟ್ಟಿಗೆ ತಾನಾಗಿ ಅಂಟುವ ಶಕ್ತಿ ಇಲ್ಲದಿದ್ದರೂ ಸಂಪರ್ಕ ಬಿಡುವುದಿಲ್ಲ. ಇನ್ನೊಂದು ಲಾಭ, ಪೇಸ್ಟ್ ಸವರುವಾಗ ಚೌಕಟ್ಟಿನ ಮೇಲೆ ಕಪ್ಪು ಹರಡಿ ಎರಡು ಬೊಟ್ಟಿನ ನಡುವೆ ಶಾರ್ಟ್ ಆಗುವುದಿಲ್ಲ.

ಹಂತ 3: ಕಪ್ಪು ಪೇಸ್ಟ್

ಬೇಸಿಗೆಯಾದರೆ ಬೆಳಿಗ್ಗೆ ಬೇಗ ಶುರು ಮಾಡಿ. ಮಧ್ಯಾಹ್ನ ಕೋಣೆಯಲ್ಲೇ 38–40 ಡಿಗ್ರಿ ಇದ್ದರೆ ಗಟ್ಟಿಕಾರಕ ಹಾಕಿದ ಸಿಲಿಕೋನ್ ಬೇಗ ಬಿಗಿಯುತ್ತದೆ. ಪ್ಯಾಕೆಟ್ ಮೇಲಿನ ಸಮಯ 25 ಡಿಗ್ರಿಗೆ ಹೇಳಿದ್ದು.

ಮೂಲ ದ್ರವ 5 ಗ್ರಾಂ, ಕಾರ್ಬನ್ ಬ್ಲ್ಯಾಕ್ 0.5 ಗ್ರಾಂ. ಗಟ್ಟಿಕಾರಕ ಈಗಲೇ ಹಾಕಬೇಡಿ. ಕಪ್ಪನ್ನು ನಾಲ್ಕೈದು ಕಂತಿನಲ್ಲಿ ಹಾಕುತ್ತಾ, ಗಾಜಿನ ಮೇಲೆ ಚಪ್ಪಟೆ ಚಾಕುವಿನಿಂದ ಒತ್ತಿ ಎಳೆದು, ಮಡಚಿ, ಮತ್ತೆ ಒತ್ತಿ. ಕನಿಷ್ಠ 20 ನಿಮಿಷ. ಮೊದಲು ಕಾಳುಕಾಳಾಗಿ ಕಾಣುತ್ತದೆ. ಬರಬರುತ್ತಾ ಹೊಳಪು ಬಂದು, ಚಾಕು ಎಳೆದ ಕಡೆ ನಯವಾದ ಗೆರೆ ನಿಲ್ಲುತ್ತದೆ. ತೆಳ್ಳಗೆ ಎಳೆದು ಬೆಳಕಿಗೆ ಹಿಡಿಯಿರಿ, ಚುಕ್ಕಿ ಕಂಡರೆ ಇನ್ನೂ ಅರೆಯಬೇಕು. ಗಂಟು ಗಂಟಾಗಿ ಉಳಿದ ಕಾರ್ಬನ್ ದಾರಿ ಕಟ್ಟುವುದಿಲ್ಲ, ಸುಮ್ನೆ ತೂಕ ಹೆಚ್ಚಿಸುತ್ತದೆ.

ಆಮೇಲೆ ಗಟ್ಟಿಕಾರಕ 0.5 ಗ್ರಾಂ ಹಾಕಿ ಇನ್ನೂ ಐದು ನಿಮಿಷ ಅರೆಯಿರಿ. ಇಲ್ಲಿ 10ಕ್ಕೆ 1ರ ಪೂರ್ತಿ ಪ್ರಮಾಣವೇ ಇರಲಿ, ಬೊಟ್ಟು ಅಂಟಬೇಕಾಗಿಲ್ಲ, ಚೆನ್ನಾಗಿ ಗಟ್ಟಿಯಾಗಬೇಕು. ಒಟ್ಟು 6 ಗ್ರಾಂನಲ್ಲಿ ಅರ್ಧ ಗ್ರಾಂ ಎಂದರೆ ಸುಮಾರು 8.3 ಪ್ರತಿಶತ ಕಾರ್ಬನ್.

ಹಂತ 4: ತುಂಬುವುದು, ಕಾಯಿಸುವುದು, ಉಜ್ಜುವುದು

ಹೊಸ ಓಎಚ್‌ಪಿ ಹಾಳೆ ಮೇಲೆ ತೂತು ಹೊಡೆದ ತುಂಡು ಇಡಿ. ಪೇಸ್ಟನ್ನು ತೂತಿಗೆ ಒತ್ತಿ ತುಂಬಿ, ಎಟಿಎಂ ಕಾರ್ಡಿನಿಂದ ಮಟ್ಟಸ ಮಾಡಿ. ಮೇಲೊಂದು ಹೊಸ ಹಾಳೆ, ಎರಡೂ ಬದಿ ಟೈಲ್, ಕ್ಲಿಪ್, ಮತ್ತೆ 80 ಡಿಗ್ರಿಯಲ್ಲಿ 2–3 ಗಂಟೆ.

ಬಿಡಿಸಿದ ಮೇಲೆ ಮಲ್ಟಿಮೀಟರ್ ಕಡ್ಡಿ ತಾಗಿಸಿದರೆ ಮೆಗಾಓಮ್ ತೋರಿಸಬಹುದು. ಗಾಬರಿ ಬೇಡ. ಗಟ್ಟಿಯಾಗುವಾಗ ಮೇಲ್ಮೈಗೆ ಬರೀ ಸಿಲಿಕೋನಿನ ತೆಳ್ಳನೆ ಪೊರೆ ಬಂದಿರುತ್ತದೆ. ಬೊಟ್ಟಿನ ಮೇಲೆ ಮಾತ್ರ ನಯವಾದ ಮರಳುಕಾಗದದಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ. ಓಎಚ್‌ಪಿ ತುಂಡುಗಳು ಇನ್ನೂ ಚೌಕಟ್ಟಿನ ಮೇಲೆಯೇ ಇದ್ದರೆ ಚೌಕಟ್ಟಿಗೆ ಗೀರು ಬೀಳುವುದಿಲ್ಲ, ಹಾಗಾಗಿ ಅವನ್ನು ಕೊನೆಯವರೆಗೆ ತೆಗೆಯಬೇಡಿ. ಆಲ್ಕೋಹಾಲಿನಿಂದ ಒರೆಸಿ ಮತ್ತೆ ಅಳೆಯಿರಿ. ಈ ಸಲ ಬೊಟ್ಟನ್ನು ಎರಡು ತಾಮ್ರದ ಹಾಳೆಗಳ ನಡುವೆ ಒತ್ತಿ ಹಿಡಿದು ಅಳೆಯಿರಿ. ಕಡ್ಡಿಯ ಚೂಪು ತುದಿ ತಾಗುವ ಜಾಗ ತೀರಾ ಸಣ್ಣದು, ಅದು ಸುಳ್ಳು ಲೆಕ್ಕ ಕೊಡುತ್ತದೆ. ಕೆಲವೇ ಓಮಿನಿಂದ ಹತ್ತಿಪ್ಪತ್ತು ಓಮ್ ಒಳಗೆ ಬಂದರೆ ಮುಂದುವರಿಯಿರಿ.

ಹಂತ 5: ಎರಡೂ ಬದಿಯ ಪ್ಯಾಡು

ಸೆನ್ಸರ್ ಬದಿಗೆ ತೆಳ್ಳನೆ ಫ್ಲೆಕ್ಸಿಬಲ್ ಪಿಸಿಬಿ (ಬಾಗುವ ಸರ್ಕ್ಯೂಟ್ ಹಲಗೆ), ಪ್ಯಾಡುಗಳಿಗೆ ಚಿನ್ನದ ಲೇಪ ಇರಲಿ. ಬರೀ ತಾಮ್ರ ಬೆವರಿಗೆ ಮಾಸುತ್ತದೆ. ಬಟ್ಟೆ ಬದಿಗೆ ಟಿಪಿಯು ಅನ್ನುವ ಹಿಗ್ಗುವ ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಗ್ಗುವ ಬೆಳ್ಳಿ ಇಂಕಿನಿಂದ ಗೆರೆ ಎಳೆದು, ತುದಿಗೆ 9 ಮಿ.ಮೀ. ಚೌಕದ ಪ್ಯಾಡು ಮಾಡಿ. ಬೊಟ್ಟು 6 ಮಿ.ಮೀ. ಇರುವುದರಿಂದ ಕೈಯಲ್ಲಿ ಅಂಟಿಸುವಾಗ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಎರಡು ಪ್ಯಾಡಿನ ನಡುವೆ 3 ಮಿ.ಮೀ. ಜಾಗ ಉಳಿಯುತ್ತದೆ. ಟಿಪಿಯು ಹಾಳೆಯನ್ನು ಬಟ್ಟರ್ ಪೇಪರ್ ಮುಚ್ಚಿ ಮಧ್ಯಮ ಬಿಸಿಯ ಇಸ್ತ್ರಿಯಿಂದ ಬಟ್ಟೆಗೆ ಒತ್ತಿ. ಅಂಟನ್ನು ನೇರವಾಗಿ ಡೆನಿಮ್ ಮೇಲೆ ಹಾಕುವ ಯೋಚನೆ ಬಿಡಿ. ಒರಟು ನೇಯ್ಗೆ, ಮೇಲೆ ನೂಲಿನ ಎಳೆ, ಒಂದೇ ಸಲಕ್ಕೆ ಅಂಟಿನ ಮುಖ ಹಾಳು.

ಕಿತ್ತಾಗ ಅಂಟು ಯಾವ ಬದಿಗೆ ಉಳಿಯಬೇಕು ಅನ್ನುವುದನ್ನು ನೀವೇ ತೀರ್ಮಾನಿಸಬೇಕು. ಸೆನ್ಸರ್ ಜೊತೆಗೇ ಬರಲಿ, ಬಟ್ಟೆ ತೊಳೆಯಲು ಹೋಗಲಿ. ಅದಕ್ಕೆ ಚೌಕಟ್ಟಿನ ಹೊರ ಅಂಚನ್ನು ಪಿಸಿಬಿಗೆ ಸಿಲಿಕೋನ್ ಸೀಲೆಂಟಿನಿಂದ ಕಾಯಂ ಕೂರಿಸಿ. ಹುಳಿ ವಾಸನೆ ಬರುವ ಸೀಲೆಂಟ್ ಬೇಡ. ಅದು ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದು ತನ್ನಿ.

ಹಂತ 6: ಅಂಟಿಸುವುದು, ಕೀಳುವುದು

ಎರಡೂ ಮುಖ ಒರೆಸಿ, ಒಣಗಿಸಿ. ಒಂದು ಅಂಚಿನಿಂದ ಇಳಿಸುತ್ತಾ ಗಾಳಿ ಹೊರಗೆ ಹಾಕಿ. ಮೇಲೆ ಒಂದು ಕಿಲೋ ಅಕ್ಕಿ ಪ್ಯಾಕೆಟ್ ಅರ್ಧ ನಿಮಿಷ ಇಡಿ, ಭಾರ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಪ್ರತಿ ಸಲವೂ ಅದೇ ಭಾರ, ಅದೇ ಹೊತ್ತು ಇರಲಿ, ಇಲ್ಲದಿದ್ದರೆ ಅಳತೆಗಳನ್ನು ಹೋಲಿಸಲು ಬರುವುದಿಲ್ಲ.

ಕೀಳುವಾಗ ಚಿಪ್ಪು ಹಿಡಿದು ಮೇಲಕ್ಕೆ ಎಳೆಯಬೇಡಿ. ಒಂದು ಮೂಲೆ ಎಬ್ಬಿಸಿ, ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಸುಲಿಯಿರಿ. ಮೆತ್ತನೆ ಸಿಲಿಕೋನನ್ನು ವೇಗವಾಗಿ ಎಳೆದಷ್ಟೂ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ನಿಧಾನಕ್ಕೆ ಎಳೆದರೆ ಸುಲಭವಾಗಿ ಬಿಡುತ್ತದೆ. ಜೋರಾಗಿ ಎಳೆದರೆ ಏಳುವುದು ಬೆಳ್ಳಿ ಇಂಕು.

ಹಂತ 7: ಪರೀಕ್ಷೆ

ಮೊದಲು ಬೆಳ್ಳಿ ಗೆರೆಯೊಂದರದ್ದೇ ರೋಧ ಅಳೆದು ಬರೆದಿಡಿ, ಎಳೆಯದೆ ಒಮ್ಮೆ, ಎಳೆದು ಒಮ್ಮೆ. ಎಳೆದಾಗ ಇಂಕಿನ ರೋಧವೂ ಏರುತ್ತದೆ. ಇದನ್ನು ಬರೆದಿಡದಿದ್ದರೆ ಆಮೇಲೆ ತಪ್ಪು ಅಂಟಿನದ್ದೋ ಇಂಕಿನದ್ದೋ ಗೊತ್ತಾಗುವುದಿಲ್ಲ. ಸೆನ್ಸರ್ ಬದಲು ಎರಡು ಪ್ಯಾಡು ಶಾರ್ಟ್ ಮಾಡಿದ ಖಾಲಿ ಪಿಸಿಬಿ ಅಂಟಿಸಿ ಒಟ್ಟು ರೋಧ ಅಳೆಯಿರಿ. ಗೆರೆಯದ್ದು ಕಳೆದರೆ ಉಳಿದದ್ದು ಎರಡು ಜೋಡಣೆಯದ್ದು.

ಇಪ್ಪತ್ತು ಸಲ ಕಿತ್ತು ಅಂಟಿಸಿ, ಪ್ರತಿ ಸಲ ಬರೆಯಿರಿ. ಎರಡು ಪಟ್ಟು ಮೀರಿದರೆ ಒರೆಸಿ ನೋಡಿ, ಆಗಲೂ ಇಳಿಯದಿದ್ದರೆ ಆ ತುಂಡು ಬೇಡ. ಆಮೇಲೆ ಬಟ್ಟೆ ಮೇಲೆ 10 ಸೆಂ.ಮೀ. ಗುರುತು ಹಾಕಿ 12 ಸೆಂ.ಮೀ.ಗೆ ಎಳೆದು ಅಳೆಯಿರಿ. ಸೊಂಟದ ಪಟ್ಟಿಗೆ ಇಷ್ಟು ಸಾಕು. ಮೊಣಕಾಲಿಗಾದರೆ 13ಕ್ಕೆ ಎಳೆಯಿರಿ, ಅಲ್ಲಿ ಚರ್ಮವೇ ಹೆಚ್ಚು ಹಿಗ್ಗುತ್ತದೆ. ಕೊನೆಗೆ ಬಿಸಿಯ ಪರೀಕ್ಷೆ: ಬೇಸಿಗೆ ಮಧ್ಯಾಹ್ನ ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ದಿನ ಇಟ್ಟು, ತಣ್ಣಗಾದ ಮೇಲೆ ಅಳೆಯಿರಿ.

ಜೋಡಣೆಯ ರೋಧ ಸೆನ್ಸರ್ ಲೆಕ್ಕವನ್ನು ಎಷ್ಟು ಕೆಡಿಸುತ್ತದೆ? 25 ಡಿಗ್ರಿಯಲ್ಲಿ 10,000 ಓಮ್ ಇರುವ, ಬೀಟಾ 3950ರ ಥರ್ಮಿಸ್ಟರ್ ತೆಗೆದುಕೊಳ್ಳಿ. ಥರ್ಮಿಸ್ಟರ್ ಎಂದರೆ ಬಿಸಿ ಏರಿದಂತೆ ರೋಧ ಇಳಿಯುವ ಸೆನ್ಸರ್, ಎಷ್ಟು ಬೇಗ ಇಳಿಯುತ್ತದೆ ಅನ್ನುವುದನ್ನು ಬೀಟಾ ಹೇಳುತ್ತದೆ. ಎರಡು ಜೋಡಣೆ ಸೇರಿ 60 ಓಮ್ ಇದ್ದರೆ 25 ಡಿಗ್ರಿಯಲ್ಲಿ ತಪ್ಪು 0.14 ಡಿಗ್ರಿ. 40 ಡಿಗ್ರಿಯಲ್ಲಿ ಥರ್ಮಿಸ್ಟರೇ ಸುಮಾರು 5,300 ಓಮಿಗೆ ಇಳಿದಿರುತ್ತದೆ, ಆಗ ಅದೇ 60 ಓಮ್ 0.28 ಡಿಗ್ರಿ ತಪ್ಪು ತೋರಿಸುತ್ತದೆ. ಅಂದರೆ ಸೆಕೆ ಹೆಚ್ಚಾದಷ್ಟೂ ತಪ್ಪು ಜಾಸ್ತಿ, ಅದೂ ನಿಜಕ್ಕಿಂತ ತಣ್ಣಗೆ ತೋರಿಸುವ ಕಡೆಗೆ. ಬಿಸಿಲಲ್ಲಿ ದುಡಿಯುವವರ ಮೇಲೆ ನಿಗಾ ಇಡುವ ಸೆನ್ಸರಿಗೆ ಇದು ಸಣ್ಣ ಮಾತಲ್ಲ. ಇನ್ನೂ ನಿಖರ ಬೇಕಿದ್ದರೆ 100 ಕಿಲೋಓಮಿನ ಥರ್ಮಿಸ್ಟರ್ ಹಾಕಿ, ತಪ್ಪು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂಟನ್ನು ಸುಧಾರಿಸುವುದಕ್ಕಿಂತ ಇದು ಸುಲಭ.

ಧೂಳು

ಈ ಅಂಟಿನ ಶತ್ರು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಯಲ್ಲಿ ಬೇರೆ ಬೇರೆ ರೂಪದಲ್ಲಿದೆ. ಬಳ್ಳಾರಿ, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ರಾಯಚೂರಲ್ಲಿ ಜಿನ್ನಿಂಗ್ ಮಿಲ್ಲಿನ ಹತ್ತಿ ಎಳೆ, ಗಂಗಾವತಿ ಸುತ್ತ ಅಕ್ಕಿ ಗಿರಣಿಯ ತೌಡು. ತೌಡಿನಲ್ಲಿ ಎಣ್ಣೆ ಇರುತ್ತದೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಕೆಂಪು ಧೂಳು ಕಬ್ಬಿಣದ ಆಕ್ಸೈಡು, ಕಬ್ಬಿಣದ ಹಾಗೆ ಕರೆಂಟ್ ಹರಿಸುವುದಿಲ್ಲ. ಒಂದು ಕಣ ಬೊಟ್ಟಿನ ಕೆಳಗೆ ಸಿಕ್ಕರೆ ಸುತ್ತ ಅಷ್ಟಗಲ ಸಂಪರ್ಕ ಏಳುತ್ತದೆ.

ಒಣ ಧೂಳಿಗೆ ಮಾಮೂಲಿ ಪಾರದರ್ಶಕ ಟೇಪು ಸಾಕು. ಟೇಪಿನ ಅಕ್ರಿಲಿಕ್ ಅಂಟು ಸಿಲಿಕೋನಿಗೆ ಸರಿಯಾಗಿ ಹಿಡಿಯುವುದಿಲ್ಲ, ಧೂಳನ್ನು ಮಾತ್ರ ಎತ್ತಿಕೊಂಡು ಬರುತ್ತದೆ. ಬೆವರು, ತಲೆ ಎಣ್ಣೆ ತಾಗಿದ್ದರೆ ಸಾಬೂನು ನೀರಲ್ಲಿ ಬೆರಳಿನಿಂದ ತೊಳೆದು, ಗಾಳಿಗೆ ಒಣಗಿಸಿ. ಚಿಪ್ಪು ಇರುವ ಭಾಗ ಒದ್ದೆಯಾಗದಿರಲಿ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಹತ್ತಿರವೂ ತರಬೇಡಿ. ಸಿಲಿಕೋನ್ ಅವನ್ನು ಕುಡಿದು ಊದಿಕೊಳ್ಳುತ್ತದೆ, ಒಳಗಿನ ಕಾರ್ಬನ್ ಕಣಗಳು ದೂರ ಸರಿದು ದಾರಿ ತಪ್ಪುತ್ತದೆ. ಬಳಸದಾಗ ಎರಡು ಓಎಚ್‌ಪಿ ತುಂಡುಗಳ ನಡುವೆ ಇಟ್ಟು ಮುಚ್ಚಳದ ಡಬ್ಬಿಗೆ ಹಾಕಿ.

ಸರಿಯಾಗದಿದ್ದರೆ

ಅಂಟು ಹಿಡಿದಿದೆ, ಆದರೆ ರೋಧ ಏರಿದೆ ಎಂದರೆ ಬಹುಪಾಲು ಮೇಲಿನ ಪೊರೆ ಅಥವಾ ಧೂಳು. ಒರೆಸಿ, ಬೇಕಾದರೆ ಬೊಟ್ಟನ್ನು ಮತ್ತೆ ಒಮ್ಮೆ ಉಜ್ಜಿ. ಇನ್ನೊಂದು ಸಾಧ್ಯತೆಯೂ ಇದೆ. 20ಕ್ಕೆ 1ರ ಸಿಲಿಕೋನಿನಲ್ಲಿ ಬಂಧಕ್ಕೆ ಸೇರದ ಸಿಲಿಕೋನ್ ಎಣ್ಣೆ ಸ್ವಲ್ಪ ಉಳಿದಿರುತ್ತದೆ, ಸೆಕೆಗೆ ಅದು ಹೊರಗೆ ಜಿನುಗಿ ಬೆಳ್ಳಿ ಪ್ಯಾಡಿನ ಮೇಲೆ ಕಾಣದ ಪದರವಾಗುತ್ತದೆ. ಹಾಗಾಗಿ ಬಟ್ಟೆ ಬದಿಯ ಪ್ಯಾಡನ್ನೂ ಆಲ್ಕೋಹಾಲಿನಿಂದ ಒರೆಸಿ. ಪದೇ ಪದೇ ಹೀಗಾದರೆ ಮುಂದಿನ ಹಾಳೆಯನ್ನು 15ಕ್ಕೆ 1ರಲ್ಲಿ ಮಾಡಿ. ಅಂಟು ಸ್ವಲ್ಪ ಕಡಿಮೆಯಾಗುತ್ತದೆ, ಜಿನುಗುವುದೂ ಕಡಿಮೆಯಾಗುತ್ತದೆ.

ರೋಧ ಸರಿ ಇದೆ, ಎಳೆದಾಗ ಮಾತ್ರ ಹಾರುತ್ತದೆ ಎಂದರೆ ಪಿಸಿಬಿಯ ಅಂಚು ನೋಡಿ. ಗಟ್ಟಿ ಭಾಗ ಮುಗಿದು ಮೆತ್ತನೆಯದು ಶುರುವಾಗುವ ಗೆರೆಯಲ್ಲೇ ಬೆಳ್ಳಿ ಇಂಕು ಸೀಳಿರುತ್ತದೆ. ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ. ಅಂಟಿನ ಪಾಕ ಬದಲಿಸಿ ಇದಕ್ಕೆ ಪ್ರಯೋಜನವಿಲ್ಲ. ಬಟ್ಟೆ ಹಿಂದೆ ಆ ಜಾಗಕ್ಕೆ ಪಿಸಿಬಿಗಿಂತ 5 ಮಿ.ಮೀ. ದೊಡ್ಡದಾದ ಇನ್ನೊಂದು ಟಿಪಿಯು ತುಂಡನ್ನು ಇಸ್ತ್ರಿ ಮಾಡಿ, ಅಲ್ಲಿ ಎಳೆತ ಕಡಿಮೆಯಾಗುತ್ತದೆ. ಪಿಸಿಬಿಯ ಉದ್ದನೆ ಬದಿಯನ್ನು ಬಟ್ಟೆ ಹಿಗ್ಗುವ ದಿಕ್ಕಿಗೆ ಅಡ್ಡ ಇಡಿ. ಸೊಂಟದ ಪಟ್ಟಿ ಸುತ್ತಳತೆಯ ಕಡೆಗೆ ಹಿಗ್ಗುತ್ತದೆ, ಹಾಗಾಗಿ ಪಿಸಿಬಿ ಮೇಲಿಂದ ಕೆಳಕ್ಕೆ ಉದ್ದವಾಗಿ ನಿಲ್ಲಬೇಕು, ಬೆಳ್ಳಿ ಗೆರೆ ಎಳೆಯುವ ಮೊದಲೇ ಇದನ್ನು ಯೋಚಿಸಿ ಪ್ಯಾಡುಗಳನ್ನು ಒಂದರ ಕೆಳಗೊಂದು ಹಾಕಿಕೊಳ್ಳಿ.